ಹದಿನಾಲ್ಕು ದಿನಗಳ ಹೆಸರು

ರಮ್ಲಾ, ಕೆರ್ಕೆನ್ನಾ ದ್ವೀಪ
10 ಅಕ್ಟೋಬರ್ 2022

ದಲಂದಾ,

ಕ್ಷೇಮವೇ ಎಂದು ಕೇಳುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಇಪ್ಪತ್ತನಾಲ್ಕು ವರ್ಷ ನಾವು ಒಂದು ಸಾಲೂ ಬರೆದುಕೊಂಡಿಲ್ಲ. ಆದರೂ ನಾಲ್ಕು ವಾರದಿಂದ ಬೆಳಿಗ್ಗೆ ಏಳಕ್ಕೆ ನೀನು ನಮ್ಮ ಮನೆಗೆ ಬರುತ್ತಿದ್ದೀಯ. "ಶುಭೋದಯ. ಬನ್ನಿ, ನಿಧಾನವಾಗಿ ಶುರು ಮಾಡೋಣ" ಎನ್ನುತ್ತೀಯ. ಮೊದಲ ದಿನ ನನ್ನ ಕೈಯಲ್ಲಿದ್ದ ಕಾಫಿ ಚೆಲ್ಲಿತು.

ನಮ್ಮಪ್ಪನಿಗೆ, ಬಾಬಾಗೆ, ಜೂನ್‌ನಲ್ಲಿ ಪಾರ್ಶ್ವವಾಯು ಬಡಿಯಿತು. ಕೈಕಾಲು ತಕ್ಕಮಟ್ಟಿಗೆ ಮರಳಿದವು, ಮಾತು ಮರಳಲಿಲ್ಲ. ಸ್ಫಾಕ್ಸ್‌ನ ಆಸ್ಪತ್ರೆಯಲ್ಲಿ ಮಾತು ಕಲಿಸುವವರ ಬಳಿ ಸರದಿ ಸಿಗುವುದು ಬರುವ ಬೇಸಿಗೆಗೆ. ನಮ್ಮ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ಫತ್ಹಿ ಮಾತು ಕಲಿಸುವ ನಿಮ್ಮ ಆ್ಯಪ್ ತೋರಿಸಿದರು. ಬೇರೆಯವು ಟೀವಿ ವಾರ್ತೆಯ ಅರಬ್ಬಿಯಲ್ಲಿ ಮಾತನಾಡುತ್ತವೆ; ಬಾಬಾ ಮುಖ ತಿರುಗಿಸುತ್ತಾರೆ. ನಿಮ್ಮದು ನಮ್ಮ ಕಡೆಯ ಮಾತಿನಲ್ಲಿದೆ. ಯಾಕೆ ಎಂದು ಅದರಲ್ಲಿ ನಿನ್ನ ಧ್ವನಿ ಕೇಳಿದ ಮೇಲೆ ತಿಳಿಯಿತು.

ಈಗ ಹೇಳಬೇಕಾದದ್ದನ್ನು ಹೇಳುತ್ತೇನೆ. ಹದಿನಾಲ್ಕು ದಿನ ಉಚಿತ, ಒಬ್ಬ ವ್ಯಕ್ತಿಗೆ ಒಂದೇ ಸಲ, ಆಮೇಲೆ ತಿಂಗಳ ಚಂದಾ. ನಾನು ಅದನ್ನು ಓದಿ, ಒಪ್ಪಿಗೆ ಎಂದು ಗುಂಡಿ ಒತ್ತಿದೆ. ಹದಿನೈದನೆಯ ದಿನ ಹೊಸ ಇಮೇಲ್ ವಿಳಾಸ ಮಾಡಿ, ಬಾಬಾರನ್ನು ಬೇರೆ ಹೆಸರಿನಲ್ಲಿ ಮತ್ತೆ ಸೇರಿಸಿದೆ. ಮೊದಲು ಅವರು ಅವರೇ, ಅಮ್ಮಾರ್. ಆಮೇಲೆ ನಮ್ಮ ಅಜ್ಜನ ಹೆಸರು, ಸಾಸಿ. ನಿನ್ನೆ ಅದೂ ಮುಗಿಯಿತು. ಇವತ್ತಿನಿಂದ ತೀರಿಹೋದ ಚಿಕ್ಕಪ್ಪನ ಹೆಸರು, ತಿಜಾನಿ. ಪರರ ಹೆಸರು ಕದಿಯುವುದಕ್ಕಿಂತ ಮನೆಯವರ ಹೆಸರು ವಾಸಿ ಎಂದುಕೊಂಡೆ. ಇದು ಎಂಥ ತರ್ಕವೋ ನನಗೇ ತಿಳಿಯದು.

ನಮ್ಮ ದಿನಾರ್ ಕಡಲು ದಾಟಿ ನಿಮ್ಮ ಕಂಪನಿಯಿರುವ ಅಮ್ಮಾನ್‌ವರೆಗೆ ಬರುವುದಿಲ್ಲವೆಂದು ನಿನಗೆ ಗೊತ್ತು. ಬ್ಯಾಂಕಿನವನು ನನ್ನ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ, "ಇದು ಸ್ಫಾಕ್ಸ್‌ವರೆಗೇ ಸರಿಯಾಗಿ ಹೋಗಲ್ಲ ಮೇಡಂ, ಅಮ್ಮಾನ್‌ಗೆ ಎಲ್ಲಿ ಹೋಗುತ್ತೆ" ಎಂದ. ಹಾಗಾಗಿ ದಾರಿಯಿಲ್ಲ ಎನ್ನುವುದು ನಿಜ. ದಾರಿಯಿದ್ದಿದ್ದರೆ ಕೊಡುತ್ತಿದ್ದೆನೇ? ಇದಕ್ಕೆ ಉತ್ತರ ಹುಡುಕುತ್ತ ಹೋದರೆ ಮೊದಲ ವಾಕ್ಯವೂ ಅಷ್ಟು ನಿಜವಾಗಿ ಕಾಣುವುದಿಲ್ಲ.

ತಿಜಾನಿ ಚಿಕ್ಕಪ್ಪನ ಮಗ ರಿದಾ ಈಗ ಸ್ಫಾಕ್ಸ್‌ನಲ್ಲಿ ವಕೀಲ. ಅವನನ್ನು ಕೇಳಿದೆ.

"ಅಕ್ಕಾ, ಕಳ್ಳತನ ಅಂದ್ರೆ ಅವರ ಹತ್ರ ಇದ್ದದ್ದು ಇಲ್ಲದಂಗಾಗ್ಬೇಕು. ಏನು ಹೋಯ್ತು ಅವರದು? ಒಪ್ಪಂದ ಮುರಿದಿದ್ದೀಯ, ಅದು ಬೇರೆ ಮಾತು. ಸುಳ್ಳು ಹೆಸರು ಬರೆದಿದ್ದೀಯ, ಅದು ಇನ್ನೂ ಬೇರೆ ಮಾತು. ಆದ್ರೆ ನಿನ್ನನ್ನ ಹಿಡಿಯೋಕೆ ಅಮ್ಮಾನ್‌ನಿಂದ ಯಾರು ಹಡಗು ಹತ್ತಿ ಬರ್ತಾರೆ?"

"ಅಂದ್ರೆ ತಪ್ಪಲ್ಲ ಅಂತೀಯಾ?"

"ತಪ್ಪಲ್ಲ ಅಂದ್ನಾ? ತಪ್ಪು ಅಂತಾನೂ ಅನ್ನಲಿಲ್ಲ. ಬಿಟ್ಟಿ ಸಲಹೆ ಕೇಳಿದ್ರೆ ಇಷ್ಟೇ ಸಿಗೋದು. ನಂದೂ ಫ್ರೀ ಟ್ರಯಲ್ಲೇ."

ಮಸೀದಿಯ ಶೇಖ್ ಅವರನ್ನೂ ಕೇಳಿದೆ. "ಒಪ್ಪಿದ ಷರತ್ತು ಷರತ್ತೇ ಮಗಳೇ. ಆದ್ರೆ ಇದು ರೋಗಿ ವಿಷಯ... ಶುಕ್ರವಾರ ಬಾ, ಪುಸ್ತಕ ನೋಡಿ ಹೇಳ್ತೀನಿ" ಎಂದರು. ಶುಕ್ರವಾರ ಹೋದರೆ ಪುಸ್ತಕದ ಮಾತೇ ಇಲ್ಲ. "ಬಂದ್ಯಾ? ಈ ಕಂಪ್ಯೂಟರ್ ಪರದೆ ಮೇಲೆ 'ಇದು ಅಸಲಿ ಪ್ರತಿ ಅಲ್ಲ' ಅಂತ ಏನೋ ಬರ್ತಾನೇ ಇದೆ. ಆ ಫತ್ಹಿಗೆ ಹೇಳಿ ತೆಗೆಸ್ತೀಯಾ?"

ನಗಬೇಡ. ನಾನು ನಕ್ಕೆ, ಆಮೇಲೆ ದಾರಿಯುದ್ದಕ್ಕೂ ಸಂಕಟವಾಯಿತು.

ಅವಸರವೇಕೆಂದರೆ, ಈ ತಿಂಗಳ ಇಪ್ಪತ್ತಕ್ಕೆ ನೋಟರಿಗಳು ಮನೆಗೆ ಬರುತ್ತಾರೆ. ಕಡಲಲ್ಲಿರುವ ನಮ್ಮ ಶರ್ಫಿಯಾ ನಿನಗೆ ನೆನಪಿದೆಯಲ್ಲ, ನೀರೊಳಗೆ ಖರ್ಜೂರದ ಗರಿ ನೆಟ್ಟ ಆ ಉದ್ದನೆಯ ಮೀನುಬೇಲಿ? ಅದನ್ನು ಬಾಬಾ ನನ್ನ ಹೆಸರಿಗೆ ಬರೆಯಬೇಕೆಂದಿದ್ದಾರೆ. ಕಾಯಿಲೆಗೆ ಮುಂಚೆಯೇ ಹೇಳಿದ್ದರು. ಆದರೆ ಅವರು ತಮ್ಮ ಹೆಸರನ್ನು ತಮ್ಮ ಬಾಯಿಂದ ಹೇಳಬೇಕು. ಹೇಳದಿದ್ದರೆ ಬುದ್ಧಿ ಸ್ವಾಧೀನದಲ್ಲಿಲ್ಲ ಎಂದು ಬರೆಯುತ್ತಾರೆ. ಕೋರ್ಟು ಪಾಲಕನನ್ನು ನೇಮಿಸುತ್ತದೆ. ಎಪ್ಪತ್ತೊಂಬತ್ತು ವರ್ಷ ಯಾರ ಕೈಯಿಂದಲೂ ಒಂದು ಲೋಟ ನೀರನ್ನೂ ಕೇಳದವರು ಇನ್ನೊಬ್ಬರ ಸಹಿಯ ಕೆಳಗೆ ಬದುಕಬೇಕಾಗುತ್ತದೆ.

ಬೇರೆಯವರ ಬೇಲಿಯಿಂದ ಹಸಿದವನು ಒಂದು ಮೀನು ತೆಗೆಯಬಹುದು, ಆದರೆ ಕಂಬಕ್ಕೆ ಒಂದು ಗರಿಯ ಗಂಟು ಕಟ್ಟಿ ಹೋಗಬೇಕು ಎಂದು ಬಾಬಾ ಹೇಳುತ್ತಿದ್ದರಲ್ಲ. "ಗಂಟು ಕಟ್ಟಿದೋನು ಅತಿಥಿ, ಕಟ್ಟದೋನು ಕಳ್ಳ." ಈ ಪತ್ರವನ್ನು ಗಂಟು ಎಂದುಕೋ.

ಇನ್ನೊಂದು ಮಾತು. ಒಂಬತ್ತನೆಯ ಪಾಠದಲ್ಲಿ ನೀನು ಹೇಳಿಕೊಡುವ ವಾಕ್ಯ: "ಕಡಲು ಕೊಟ್ಟಿದ್ದನ್ನ ದಡದಲ್ಲಿ ಎಣಿಸು, ದೋಣೀಲಿ ಎಣಿಸಬೇಡ." ಅದು ಬಾಬಾನ ಮಾತು. ಅದನ್ನು ಕೇಳಿದಾಗ ಅವರು ಪರದೆಯನ್ನೇ ಬಹಳ ಹೊತ್ತು ನೋಡುತ್ತಿದ್ದರು.

ರಫೀಕಾ

*

ಅಮ್ಮಾನ್
14 ಅಕ್ಟೋಬರ್ 2022

ರಫೀಕಾ,

ನಿನ್ನ ಇಮೇಲ್ ತೆರೆದು ಓದುವ ಹಿಂದಿನ ದಿನವೇ ನನಗೆ ಗೊತ್ತಿತ್ತು. ಒಂದೇ ಕಂಪ್ಯೂಟರ್‌ನಿಂದ ಮತ್ತೆ ಮತ್ತೆ ಉಚಿತ ಅವಧಿ ಪಡೆಯುವವರ ಪಟ್ಟಿ ಮಾಡುವ ಕೆಲಸ ಈ ತಿಂಗಳು ನನ್ನದು. ಹದಿನೇಳನೆಯ ಸಾಲು: ಅಮ್ಮಾರ್, ಸಾಸಿ, ತಿಜಾನಿ. ಕೆಳಗೆ ಸ್ಫಾಕ್ಸ್ ಎಂದಿತ್ತು. ಈ ಮೂರು ಹೆಸರು ಒಟ್ಟಿಗಿರುವ ಮನೆ ಭೂಮಿಯ ಮೇಲೆ ಒಂದೇ. ಆ ಮನೆಯಲ್ಲಿ ನಾನು ಎರಡು ತಿಂಗಳು ಆಕ್ಟೋಪಸ್ ಹಾಕಿದ ಬಾರ್ಲಿ ಕುಸ್ಕುಸ್ ತಿಂದಿದ್ದೇನೆ.

ಸಿಟ್ಟು ಬರಬೇಕಿತ್ತು. ಬಂತೋ ಇಲ್ಲವೋ ಹೇಳಲಾರೆ. ನಾವಿರುವುದು ಮೂವರು, ರತ್ನಗಂಬಳಿ ತೊಳೆಯುವ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ. ಆ ಧ್ವನಿಗಳನ್ನು ನಾನು ಬಟ್ಟೆಯ ಬೀರುವಿನೊಳಗೆ ಕೂತು, ತಲೆಯ ಮೇಲೆ ಕಂಬಳಿ ಹೊದ್ದು ರೆಕಾರ್ಡ್ ಮಾಡಿದ್ದು. ತಪ್ಪು ಹೇಳಿದವರಿಗೆ ಹೇಳುವ "ಇಲ್ಲ, ಮತ್ತೊಮ್ಮೆ ನೋಡೋಣ" ಎಂಬ ಒಂದು ಸಾಲನ್ನೇ ಹನ್ನೊಂದು ಸಲ ಹೇಳಿದ್ದೆ, ನೋಯಬಾರದೆಂದು. ಅದನ್ನು ನೀನು ಬಳಸಿದರೆ ನಮ್ಮ ಹತ್ತಿರ ಇದ್ದದ್ದು ಇಲ್ಲದಂತಾಗುವುದಿಲ್ಲ, ರಿದಾ ಹೇಳಿದ್ದು ಸರಿ. ಆದರೆ ಹತ್ತು ಜನ ಬಳಸಿ ಒಬ್ಬರು ಕೊಟ್ಟರೆ ನಮ್ಮ ಬೀರು ಮುಂದಿನ ವರ್ಷ ಬರೀ ಬಟ್ಟೆಯ ಬೀರು.

ಇನ್ನೊಂದು ಹೆಸರು ಹುಟ್ಟಿಸಬೇಡ. ಕಂಪನಿ ಮಾಜೆನ್‌ದು. ಅವನ ಹತ್ತಿರ ಮಾತಾಡಿ ಅಮ್ಮಾರ್ ದೊಡ್ಡಪ್ಪನಿಗೆ ಒಂದು ವರ್ಷ ಉಚಿತ ಕೊಡಿಸಲು ನೋಡುತ್ತೇನೆ. ಕಾಯಿ.

ಒಂಬತ್ತನೆಯ ಪಾಠದ ಬಗ್ಗೆ ಬರೆಯಲು ಕೂತೆ. ಮೂರು ಸಲ ಅಳಿಸಿದೆ.

ದಲಂದಾ

*

ರಮ್ಲಾ
26 ಅಕ್ಟೋಬರ್ 2022

ದಲಂದಾ,

ಕಾದೆ. ಹೊಸ ಹೆಸರು ಹುಟ್ಟಿಸಲಿಲ್ಲ. ಆದರೆ ತಿಜಾನಿಯ ಹದಿನಾಲ್ಕು ದಿನ ನಡೆಯುತ್ತಲೇ ಇತ್ತು, ಅದನ್ನು ನಿಲ್ಲಿಸಬೇಕೆಂದು ನನಗೆ ಹೊಳೆಯಲೂ ಇಲ್ಲ. ನೋಟರಿಗಳು ಬಂದುಹೋದರು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನನಗೇ ಏನಾದರೂ ತಿಳಿದೀತು ಎಂದು.

ನಮ್ಮಲ್ಲಿ ನೋಟರಿಗಳು ಜೋಡಿಯಾಗಿಯೇ ಬರುವುದಲ್ಲವೇ. ಹಿರಿಯವರು ಬಾಬಾನ ಎದುರಿಗೆ, ಕಿರಿಯವರು ಕಾಗದ ಹಿಡಿದು ಕಿಟಕಿಯ ಬಳಿ. ರಿದಾ ಬೆಳಗಿನ ಹಡಗಿಗೆ ಬಂದಿದ್ದ. ಕುಟುಂಬದ ಗಂಡಸು ಎಂದು ಅವನೂ ಇರಬೇಕು. ಬಾಬಾ ಬಿಳಿ ಜಿಬ್ಬಾ ಹಾಕಿ, ಗಡ್ಡ ಬಾಚಿಸಿಕೊಂಡು ಮದುಮಗನ ಹಾಗೆ ಕೂತಿದ್ದರು.

"ಹಾಜ್ಜಿ, ನಿಮ್ಮ ಹೆಸರು ಹೇಳಿ" ಎಂದರು ಹಿರಿಯವರು.

ಬಾಬಾ ಬಾಯಿ ತೆರೆದು "ಅ..." ಎಂದರು. ಅಲ್ಲಿಗೆ ನಿಂತರು. ತಲೆ ಅಲ್ಲಾಡಿಸಿದರು, ತಪ್ಪು ಮಾಡಲು ಹೊರಟು ಎಚ್ಚೆತ್ತ ವಿದ್ಯಾರ್ಥಿಯ ಹಾಗೆ. ಆಮೇಲೆ ಸ್ಪಷ್ಟವಾಗಿ, ಜೂನ್‌ನಿಂದ ಅಷ್ಟು ಸ್ಪಷ್ಟವಾಗಿ ಒಂದು ಪದವನ್ನೂ ಆಡಿರಲಿಲ್ಲ, "ತಿಜಾನಿ" ಎಂದರು.

ಕಿರಿಯವರು ಕಾಗದದಲ್ಲಿ ಹೆಸರು ಹುಡುಕಿದರು. ಬಾಬಾ ಮಾತ್ರ ಕಿವಿ ವಾರೆ ಮಾಡಿ ಯಾವುದಕ್ಕೋ ಕಾಯುತ್ತಿದ್ದರು. ಯಾವುದಕ್ಕೆಂದು ನನಗೆ ತಿಳಿಯಲಿಲ್ಲ.

"ಇನ್ನೊಂದು ಸಲ ಹೇಳಿ ಹಾಜ್ಜಿ, ಅವಸರ ಏನಿಲ್ಲ."

"ತಿಜಾನಿ."

"ಈ ಶರ್ಫಿಯಾ ಯಾರದು?"

ಆ ಪದದಿಂದ ಬಿಡಿಸಿಕೊಳ್ಳಲಾಗಲಿಲ್ಲವೋ ಏನೋ, ಮತ್ತೆ "ತಿಜಾನಿ" ಎಂದರು. ಕಿರಿಯವರು ಲೇಖನಿಯ ಮುಚ್ಚಳ ಹಾಕಿದರು. ನಾಲ್ಕೈದು ತಿಂಗಳ ಬಳಿಕ ಇನ್ನೊಮ್ಮೆ ಬರುತ್ತೇವೆ, ಆಗಲೂ ಹೀಗೇ ಆದರೆ ಕೋರ್ಟಿಗೆ ಬರೆಯಬೇಕಾಗುತ್ತದೆ ಎಂದು ಹೇಳಿ, ಚಹಾ ಕೂಡ ಮುಗಿಸದೆ ಎದ್ದರು.

ರಿದಾ ಅಂಗಳದಲ್ಲಿ ನಿಂತು ಅಳುತ್ತಿದ್ದ. "ಅಕ್ಕಾ, ದೊಡ್ಡಪ್ಪನ ಮನಸ್ಸಲ್ಲಿ ಇದು ಇಷ್ಟು ವರ್ಷ ಇತ್ತು ನೋಡು. ಶರ್ಫಿಯಾ ಅರ್ಧ ನಮ್ಮಪ್ಪಂದು ಅಂತ ನಮ್ಮಮ್ಮ ಸಾಯೋವರೆಗೂ ಹೇಳ್ತಿದ್ಲು. ನಾನು ಕೇಳೋಕೆ ಬಂದಿದ್ನಾ ಯಾವತ್ತಾದ್ರೂ? ಮಾತೇ ಬಿದ್ದುಹೋದ ಮನುಷ್ಯನ ಬಾಯಲ್ಲಿ ಉಳಿದಿರೋದು ಆ ಒಂದೇ ಹೆಸರು ಅಂದ್ರೆ..."

ಮಾರನೆಯ ದಿನ ಏಳಕ್ಕೆ ಆ್ಯಪ್ ಹಚ್ಚಿ, ಯಾವಾಗಿನಂತೆ ಕಾಫಿ ಮಾಡಲು ಹೋಗದೆ ಬಾಗಿಲ ಹಿಂದೆ ನಿಂತೆ. ನೀನು ಕೇಳಿದೆ: "ನಿಮ್ಮ ಹೆಸರು ಹೇಳಿ." ಬಾಬಾ ಮೆಲ್ಲಗೆ "ಅಮ್ಮಾರ್" ಎಂದರು. ನೀನು ಎಂದೆ: "ಇಲ್ಲ, ಮತ್ತೊಮ್ಮೆ ನೋಡೋಣ." ಎಷ್ಟು ಮೃದುವಾಗಿ ಎಂದೆ, ದಲಂದಾ. ಬಾಬಾ ಉಸಿರೆಳೆದುಕೊಂಡು "ತಿಜಾನಿ" ಎಂದರು. ಟಿಣ್ ಎಂದು ಗಂಟೆ ಬಾರಿಸಿತು. ಅವರ ಮುಖ ಅರಳಿತು.

ನೋಟರಿಯ ಮುಂದೆ ಅವರು ಆ ಗಂಟೆಗೆ ಕಾಯುತ್ತಿದ್ದರು.

ಇಪ್ಪತ್ತೈದು ದಿನ ಅವರ ಹೆಸರು ತಪ್ಪೆಂದು ನಾವಿಬ್ಬರೂ ಸೇರಿ ಅವರಿಗೆ ಕಲಿಸಿದ್ದೇವೆ. ನಾನು ಸುಳ್ಳು ಬರೆದೆ, ನೀನು ತಿದ್ದಿದೆ. ರಿದಾನಿಗೆ ಹೇಳಬೇಕು. ಹೇಳಲು ಎರಡು ಸಲ ಫೋನ್ ಎತ್ತಿದೆ. ಆದರೆ ನನಗೇ ಖಚಿತವಿಲ್ಲ. ಆ "ತಿಜಾನಿ" ಪೂರ್ತಿ ನನ್ನ ಕಳ್ಳತನದ್ದೇ, ಅಥವಾ ಅದರೊಳಗೆ ಬಾಬಾನದೂ ಏನಾದರೂ ಇತ್ತೇ? ಶರ್ಫಿಯಾ ಯಾರದೆಂದು ಕೇಳಿದಾಗಲೆಲ್ಲ ಬಾಬಾ "ನಮ್ಮದು" ಎನ್ನುತ್ತಿದ್ದರು. ಆ "ನಮ್ಮ"ದಲ್ಲಿ ಯಾರು ಯಾರಿದ್ದರೆಂದು ನಾನು ಯಾವತ್ತೂ ಕೇಳಲಿಲ್ಲ. ಕೇಳದೇ ಇರುವುದು ನನಗೆ ಅನುಕೂಲವಾಗಿತ್ತು.

ತಿಜಾನಿಯ ಅವಧಿಯೂ ಮುಗಿಯಿತು. ನಾಳೆ ಬೆಳಿಗ್ಗೆಯಿಂದ ಹೊಸ ವಿಳಾಸದಲ್ಲಿ, "ಅಮ್ಮಾರ್" ಎಂಬ ಹೆಸರಿನಲ್ಲೇ ಮತ್ತೆ ಶುರು ಮಾಡುತ್ತೇನೆ. ನೀನು ಬೇಡವೆಂದಿದ್ದೀಯ. ನನಗೆ ಬೇರೆ ತೋಚುತ್ತಿಲ್ಲ. ಈ ಸಲ ಹೆಸರು ನಿಜ, ಉಳಿದದ್ದೆಲ್ಲ ಸುಳ್ಳು.

ರಫೀಕಾ

*

ಅಮ್ಮಾನ್
11 ನವೆಂಬರ್ 2022

ರಫೀಕಾ,

ಈ ಹೊತ್ತಿಗೆ ಪರದೆಯ ಮೇಲೆ ನಿನಗೆ ಕಂಡಿರುತ್ತದೆ. ನಾನೇ ಹೇಳಬೇಕಿತ್ತು, ತಡವಾಯಿತು.

ಮಾಜೆನ್‌ಗೆ ಎಲ್ಲವನ್ನೂ ಹೇಳಿದೆ, ನೋಟರಿಯ ಕಥೆಯನ್ನೂ. ಅವನು ಕೆಟ್ಟವನಲ್ಲ, ಕಣ್ಣು ಒರೆಸಿಕೊಂಡ. ಆಮೇಲೆ ಅಂದ: "ನಮ್ಮ ಹತ್ರ ಬರೋರಲ್ಲಿ ಅಪ್ಪನಿಗೆ ಹುಷಾರಾಗಿರೋರು ಯಾರಿದ್ದಾರೆ ದಲಂದಾ? ನಿನ್ನ ಗೆಳತಿಗೆ ಕೊಟ್ರೆ ಪಟ್ಟಿಯಲ್ಲಿರೋ ಉಳಿದ ಮೂವತ್ತೊಂದು ಜನಕ್ಕೆ ಏನು ಹೇಳ್ಲಿ? ನಿಮಗೆ ದಲಂದಾ ಗೊತ್ತಿಲ್ಲ, ಅದಕ್ಕೇ ಇಲ್ಲ ಅನ್ಲಾ?" ನನ್ನ ಪಟ್ಟಿಯನ್ನೇ ಹಿಡಿದು ಮೂವತ್ತೆರಡು ಕಂಪ್ಯೂಟರುಗಳನ್ನೂ ಒಂದೇ ಸಲ ಮುಚ್ಚಿದರು. ಹದಿನೇಳನೆಯ ಸಾಲನ್ನು ಅಳಿಸಿ ಕೊಡಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಳಿಸಲಿಲ್ಲ. ಇದಕ್ಕೆ ಪ್ರಾಮಾಣಿಕತೆ ಎನ್ನುವುದೋ ಹಳೆಯ ಮುನಿಸು ಎನ್ನುವುದೋ, ನೀನೇ ಯಾವುದಾದರೂ ಹೆಸರಿಡು.

ನನ್ನ ಸ್ವಂತ ಹಣದಲ್ಲಿ ಚಂದಾ ಕಟ್ಟುತ್ತೇನೆ ಎಂದೆ. ಮಾಜೆನ್ ಆಗಲಿ ಎಂದ. ಆದರೆ ಆ್ಯಪ್‌ನಲ್ಲಿ ಹೆಸರಿನ ಪಾಠ ಹಾಗೆಯೇ ಇರುತ್ತದೆ. "ತಿಜಾನಿ" ಎಂದರೆ ನಾನು ಮತ್ತೆ "ಇಲ್ಲ" ಎನ್ನಬೇಕು. ದೊಡ್ಡಪ್ಪನಿಗೆ ನನ್ನ ಬಾಯಿಂದ ಇನ್ನೊಂದು "ಇಲ್ಲ" ಕೇಳಿಸುವುದು ನನಗೆ ಬೇಡವಾಗಿದೆ. ನೀನು ಬೇಕೆಂದರೆ ಕಟ್ಟುತ್ತೇನೆ.

ಬೇರೆ ಒಂದಿದೆ. ತೊಂಬತ್ತೆಂಟರ ಬೇಸಿಗೆಯಲ್ಲಿ ಪ್ರಬಂಧಕ್ಕೆಂದು ನಾವಿಬ್ಬರೂ ದ್ವೀಪದವರ ಮಾತು ತುಂಬಿಸಿಕೊಂಡ ಕ್ಯಾಸೆಟ್ಟುಗಳು ನನ್ನ ಬಳಿ ಇವೆ. ಏಳನೆಯದರಲ್ಲಿ ದೊಡ್ಡಪ್ಪ ಬೇಲಿ ನೆಡುತ್ತ ಮಾತಾಡಿದ್ದಾರೆ. ತಮ್ಮ ಹೆಸರು ಹೇಳಿದ್ದಾರೆ, ಪೂರ್ತಿಯಾಗಿ. ಅವರ ಸ್ವಂತ ದನಿ ಕೇಳಿ ಕಲಿತರೆ ನನ್ನದಕ್ಕಿಂತ ಒಳ್ಳೆಯದು. ಆದರೆ ಅದೇ ಉಸಿರಿನಲ್ಲಿ ಶರ್ಫಿಯಾ ಯಾರದೆಂದೂ ಹೇಳಿದ್ದಾರೆ. ನಾನು ನಿನ್ನೆ ಕೇಳಿದೆ.

ಕಳಿಸಲೋ ಬೇಡವೋ? ಕೇಳಿದ ಮೇಲೆ ಕೇಳಲಿಲ್ಲ ಎನ್ನಲು ಆಗುವುದಿಲ್ಲ. ಕತ್ತರಿಸಿ, ಹೆಸರಿನಷ್ಟನ್ನು ಮಾತ್ರ ಕಳಿಸು ಎಂದರೂ ಕಳಿಸುತ್ತೇನೆ.

ದಲಂದಾ

*

ರಮ್ಲಾ
4 ಡಿಸೆಂಬರ್ 2022

ದಲಂದಾ,

ಪರದೆಯ ಮೇಲೆ "ನಿಮ್ಮ ಉಚಿತ ಅವಧಿ ಮುಗಿದಿದೆ" ಎಂದು ಬರುತ್ತದೆ, ಬೇರೇನೂ ಬರುವುದಿಲ್ಲ. ಬಾಬಾ ಏಳಕ್ಕೆ ಬಂದು ಅದರ ಮುಂದೆ ಕೂರುತ್ತಾರೆ. ಅರ್ಧ ಗಂಟೆ ಕಾದು ಏಳುತ್ತಾರೆ. ಮೊದಲ ದಿನಗಳಲ್ಲಿ ನನ್ನ ಕಡೆ ತಿರುಗಿ ನೋಡುತ್ತಿದ್ದರು. ಈಗ ನೋಡುವುದಿಲ್ಲ.

ಫತ್ಹಿ ಹೇಳಿದರು, "ಅದೇನ್ ದೊಡ್ಡ ವಿಷಯ ಮೇಡಂ, ಕಂಪ್ಯೂಟರನ್ನ ಪೂರ್ತಿ ಒರೆಸಿ ಹೊಸದಾಗಿ ಹಾಕಿದ್ರೆ ಅವರಿಗೆ ನೀವು ಯಾರು ಅಂತಾನೇ ಗೊತ್ತಾಗಲ್ಲ. ಅರ್ಧ ಗಂಟೆ ಕೆಲಸ." ಒಲ್ಲೆ ಎಂದೆ. ಒಳ್ಳೆಯತನದಿಂದ ಒಲ್ಲೆ ಎಂದೆನೆಂದುಕೊಳ್ಳಬೇಡ. "ನೀವು ಯಾರು ಅಂತಾನೇ ಗೊತ್ತಾಗಲ್ಲ" ಎಂಬ ಮಾತಿಗೆ ಹೆದರಿದೆ.

ನೀನು ಕಟ್ಟುವುದೂ ಬೇಡ. ಯಾಕೆ ಬೇಡವೆಂದು ನನ್ನನ್ನು ಕೇಳಬೇಡ. ಬೆಳಿಗ್ಗೆ ಒಂದು ಕಾರಣ ಹೊಳೆಯುತ್ತದೆ, ಸಂಜೆಯೊಳಗೆ ಅದು ಬರೀ ಜಂಬವಾಗಿ ಕಾಣುತ್ತದೆ.

ಕ್ಯಾಸೆಟ್ ಕಳಿಸು. ಕತ್ತರಿಸಬೇಡ. ಕತ್ತರಿಸು ಎಂದು ಬರೆದು, ಆ ಪತ್ರವನ್ನು ಎರಡು ವಾರ ಇಟ್ಟುಕೊಂಡು, ಹರಿದು, ಇದನ್ನು ಬರೆಯುತ್ತಿದ್ದೇನೆ.

ರಫೀಕಾ

*

ಅಮ್ಮಾನ್
2 ಜನವರಿ 2023

ರಫೀಕಾ,

ಇದು ಅಂಚೆಯಲ್ಲಿ ಬರುತ್ತಿದೆ, ಕೈಬರಹದಲ್ಲಿ. ಕ್ಯಾಸೆಟ್ಟಿನ ಪೊಟ್ಟಣಕ್ಕೆ ಸುತ್ತಿದ್ದು ಖರ್ಜೂರದ ಗರಿ. ಅಮ್ಮಾನ್‌ನಲ್ಲಿ ಅದಕ್ಕಾಗಿ ಒಂದು ಹೋಟೆಲಿನ ತೋಟದವನನ್ನು ಬೇಡಿಕೊಂಡೆ. "ಚಾಪೆ ಹೆಣೀತೀರಾ ಮೇಡಂ?" ಎಂದ. "ಇಲ್ಲಪ್ಪ, ಗಂಟು ಹಾಕ್ತೀನಿ" ಎಂದೆ. ವಿಚಿತ್ರವಾಗಿ ನೋಡಿದ.

ನನ್ನೊಬ್ಬಳ ಹೆಸರಿನಲ್ಲಿ ಹೊರಬಂದ ಆ ಪ್ರಬಂಧದ ಮೇಲೆ ಇಬ್ಬರ ಹೆಸರಿರಬೇಕಿತ್ತು. ಹೆಂಗಸರ ಬಳಿ ಕೂತು ಆ ಮಾತುಗಳನ್ನು ಬಿಡಿಸಿ ಬಿಡಿಸಿ ಕೇಳಿದವಳು ನೀನು. ನಾನು ರೆಕಾರ್ಡರಿನ ಗುಂಡಿ ಒತ್ತಿದೆ ಅಷ್ಟೇ. ದೊಡ್ಡಪ್ಪನ ಹೆಸರು ಕೊನೆಯ ಪುಟದಲ್ಲೂ ಇರಲಿಲ್ಲ. ಆಮೇಲೆ ಅದೇ ಮಾತನ್ನು ಒಂಬತ್ತನೆಯ ಪಾಠದಲ್ಲಿಟ್ಟು ಬೀಗ ಹಾಕಿ, ಅವರಿಗೇ ಹದಿನಾಲ್ಕು ದಿನದ ಮಟ್ಟಿಗೆ ಕೊಟ್ಟೆ. ನಮ್ಮಿಬ್ಬರಲ್ಲಿ ಯಾರು ಮೊದಲು ಬೇಲಿಯೊಳಗೆ ಕೈ ಹಾಕಿದರು ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟೆ.

ಗಂಟು ತಡವಾಯಿತು.

ದಲಂದಾ

*

ರಮ್ಲಾ
12 ಮಾರ್ಚ್ 2023

ದಲಂದಾ,

ಕ್ಯಾಸೆಟ್ ಬಂದು ಐದು ವಾರವಾಯಿತು. ಬರೆಯಲಿಲ್ಲ, ಬೇಜಾರಾಗಬೇಡ.

ಅದನ್ನು ಹಾಕಲು ಯಂತ್ರವೇ ಇರಲಿಲ್ಲ. ಕೊನೆಗೆ ರಿದಾನ ಹಳೆಯ ಕಾರಿನಲ್ಲಿ ಇದೆಯೆಂದು ನೆನಪಾಯಿತು. ಹಾಗಾಗಿ ಅವನನ್ನು ಬಿಟ್ಟು ಕೇಳುವ ದಾರಿಯೇ ಇರಲಿಲ್ಲ. ಒಬ್ಬಳೇ ಕೇಳುವ ದಾರಿ ಇದ್ದಿದ್ದರೆ ಏನು ಮಾಡುತ್ತಿದ್ದೆನೋ ದೇವರಿಗೇ ಗೊತ್ತು. ಅವನು ಕಾರನ್ನು ಹಡಗಿನಲ್ಲಿ ಹಾಕಿಕೊಂಡು ಬಂದ. ಬಂದರಿನಲ್ಲಿ ಕಾರಿನೊಳಗೆ ಕೂತೆವು, ಕಿಟಕಿ ಮುಚ್ಚಿ. ಮೊದಲು ನಾನು ಎಲ್ಲವನ್ನೂ ಹೇಳಿದೆ. ಹೆಸರುಗಳು, ಹದಿನಾಲ್ಕು ದಿನ, "ಇಲ್ಲ, ಮತ್ತೊಮ್ಮೆ ನೋಡೋಣ", ಗಂಟೆ.

ಅವನು ಸ್ಟಿಯರಿಂಗ್ ಹಿಡಿದುಕೊಂಡು ಕೂತೇ ಇದ್ದ. "ಅಂದ್ರೆ ಅವತ್ತು ದೊಡ್ಡಪ್ಪ ನಮ್ಮಪ್ಪನ ಹೆಸರು ಹೇಳಿದ್ದು..."

"ಗೊತ್ತಿಲ್ಲ ರಿದಾ."

"ನಾನು ಊರಿಗೆಲ್ಲ ಹೇಳಿಬಿಟ್ಟೆನಲ್ಲೇ. ನಮ್ಮಪ್ಪನ ಗೋರಿಗೆ ಹೋಗಿ ಹೇಳಿ ಬಂದೆ." ಆಮೇಲೆ, "ಅಕ್ಕಾ, ಅವತ್ತೇ ನನ್ನ ಬಿಟ್ಟಿ ಸಲಹೆ ಬದಲು ದುಡ್ಡು ಕೊಟ್ಟು ಸಲಹೆ ಕೇಳಬಾರದಿತ್ತಾ" ಎಂದ. ನಗುವುದೋ ಅಳುವುದೋ ಇಬ್ಬರಿಗೂ ತಿಳಿಯಲಿಲ್ಲ.

ಆಮೇಲೆ ಬಾಬಾ ಮಾತಾಡಿದರು. ಮೂವತ್ತಾಳಿನ ಬಲದ ಆ ದನಿ, ದಲಂದಾ! "ನಾನು ಅಮ್ಮಾರ್. ಸಾಸಿ ಮಗ. ಬರ್ಕೊ ಹುಡುಗಿ. ಈ ಬೇಲಿ ಅರ್ಧ ನಂದು, ಅರ್ಧ ತಿಜಾನಿದು. ಅವನು ಫ್ಯಾಕ್ಟ್ರೀಲಿ ಕೂತು ಕಾಲು ಒದ್ದೆ ಮಾಡ್ಕೊಳ್ದೇ ಇರ್ಬೋದು, ಆದ್ರೂ ಅರ್ಧ ಅರ್ಧಾನೇ. ಅದನ್ನ ಅವನಿಗೆ ಹೇಳ್ಬೇಡ, ಕೊಬ್ಬುತ್ತಾನೆ." ನೀನು ನಗುತ್ತೀಯ. ನೀರಿನ ಸದ್ದು. ಅಷ್ಟೇ.

ರಿದಾ ಹಿಂದಕ್ಕೆ ತಿರುಗಿಸಿ ನಾಲ್ಕು ಸಲ ಹಾಕಿದ. ಹಾಗಾದರೆ ಅವನು ಅಕ್ಟೋಬರ್‌ನಲ್ಲಿ ನಂಬಿದ್ದು ಸುಳ್ಳಾಗಿತ್ತು, ಆದರೂ ನಿಜವಾಗಿತ್ತು. ಇದನ್ನು ಹೇಗೆ ಹೇಳಬೇಕೋ ನನಗೆ ತಿಳಿಯದು. ಸಾಹಿತ್ಯದ ತರಗತಿಯಲ್ಲಿ ಯಾವ ವಿದ್ಯಾರ್ಥಿಯಾದರೂ ಹೀಗೆ ಬರೆದಿದ್ದರೆ ಕೆಂಪು ಗೆರೆ ಎಳೆಯುತ್ತಿದ್ದೆ.

ಅಂದು ರಿದಾ ಕಾರನ್ನು ಇಲ್ಲೇ ಬಿಟ್ಟುಹೋದ. ಬೆಳಿಗ್ಗೆ ಏಳಕ್ಕೆ ಬಾಬಾರನ್ನು ಅದರೊಳಗೆ ಕೂರಿಸಿ ಕ್ಯಾಸೆಟ್ ಹಾಕುತ್ತಿದ್ದೆ. ಮೊದಲ ವಾರ ಬರೀ ಕೇಳಿದರು. ಎರಡನೆಯ ವಾರ ತುಟಿ ಅಲ್ಲಾಡಿತು.

ಮೊನ್ನೆ ಗುರುವಾರ ನೋಟರಿಗಳು ಮತ್ತೆ ಬಂದರು. ಅದೇ ಜಿಬ್ಬಾ, ಅದೇ ಕಿಟಕಿ. ರಿದಾ ನನ್ನ ಪಕ್ಕದಲ್ಲಿ, ಕೈಯಲ್ಲಿ ಚಹಾದ ಗಾಜಿನ ಲೋಟ.

"ಹಾಜ್ಜಿ, ನಿಮ್ಮ ಹೆಸರು?"

ಬಾಬಾ "ಅ..." ಎಂದರು. ನಿಂತರು. ತಲೆ ಅಲ್ಲಾಡಿಸಿದರು. ಆಮೇಲೆ ಆ ತಲೆಯಾಡಿಸುವುದನ್ನೇ ತಳ್ಳಿಹಾಕುವವರಂತೆ ಗದ್ದ ಎತ್ತಿ, "ಅಮ್ಮಾರ್" ಎಂದರು. ಎಂದು, ಕಿವಿ ವಾರೆ ಮಾಡಿದರು.

ಕೋಣೆಯಲ್ಲಿ ಒಂದು ಸದ್ದೂ ಇಲ್ಲ. ಬಾಬಾನ ಮುಖ ನಿಧಾನವಾಗಿ ಬಾಡತೊಡಗಿತು. ತುಟಿ "ತಿ" ಎನ್ನಲು ಸಿದ್ಧವಾಗುವುದು ನನಗೆ ಕಾಣುತ್ತಿತ್ತು. ಆಗ ರಿದಾ ಚಮಚ ಎತ್ತಿ ಲೋಟದ ಅಂಚಿಗೆ ಒಂದು ಸಲ ಬಡಿದ.

ಟಿಣ್.

ಬಾಬಾ ನಕ್ಕರು. "ಅಮ್ಮಾರ್. ಸಾಸಿ ಮಗ" ಎಂದರು ಗಟ್ಟಿಯಾಗಿ.

ಹಿರಿಯ ನೋಟರಿ ರಿದಾನತ್ತ ಗುರಾಯಿಸಿದರು. "ಏನ್ ವಕೀಲರೇ ಇದು?"

"ಸಕ್ಕರೆ ಕಲಸ್ತಿದ್ದೆ ಸ್ವಾಮಿ" ಎಂದ.

ಶರ್ಫಿಯಾ ಯಾರದೆಂದು ಕೇಳಿದರು. ಬಾಬಾ ಕೈಯನ್ನು ಕತ್ತಿಯಂತೆ ಗಾಳಿಯಲ್ಲಿ ಇಳಿಸಿ "ಅರ್ಧ" ಎಂದರು. ಇನ್ನೊಂದು ಸಲ ಕೇಳಿದರೂ ಹಾಗೆಯೇ. ಹಾಗೇ ಬರೆದರು. ಅರ್ಧ ನನಗೆ, ಅರ್ಧ ರಿದಾನಿಗೆ, ಬದುಕಿರುವವರೆಗೆ ಮೇಲ್ವಿಚಾರಣೆ ಬಾಬಾನದೇ. ಕೋರ್ಟಿಗೆ ಯಾರೂ ಬರೆಯುವುದಿಲ್ಲ.

ಸಂತೋಷವಾಗಬೇಕಿತ್ತು. ಆಯಿತು ಕೂಡ. ಆದರೆ ಮೊನ್ನೆಯಿಂದ ಒಂದೇ ಯೋಚನೆ: ಇಷ್ಟು ವಾರ ಕೇಳಿಸಿದ್ದನ್ನೇ ಅವರು ಒಪ್ಪಿಸಿದರೇ? ಆಗ ನಿನ್ನ ದನಿ ಹೇಳಿಕೊಟ್ಟಿತು, ಈಗ ಅವರದೇ ದನಿ. ಆ ದನಿ ಅವರದಾಗಿದ್ದರೆ ಸಾಕೇ? ರಿದಾನನ್ನು ಕೇಳಿದರೆ, "ಅಕ್ಕಾ, ಇನ್ನು ನನ್ನನ್ನ ಏನೂ ಕೇಳ್ಬೇಡ" ಎಂದು ಕೈ ಮುಗಿದ. ಶೇಖ್ ಅವರನ್ನು ಕೇಳಲು ಧೈರ್ಯವಿಲ್ಲ. ಅವರ ಪರದೆಯ ಮೇಲೆ ಅದು ಇನ್ನೂ ಬರುತ್ತಿದೆಯಂತೆ.

ಒಂದು ವಿಷಯ ಮಾತ್ರ ನಿನಗೆ ಬರೆಯಲೇಬೇಕು. ಇವತ್ತು ಬೆಳಿಗ್ಗೆ ಕೆಲಸವೇನೂ ಇಲ್ಲದಿದ್ದರೂ ಬಾಬಾ ಹೋಗಿ ಕಾರಿನಲ್ಲಿ ಕೂತರು. ಕ್ಯಾಸೆಟ್ ಹಾಕಿದೆ. ಕೊನೆಯಲ್ಲಿ ನೀನು ನಗುತ್ತೀಯಲ್ಲ, ಇಪ್ಪತ್ತೆರಡು ವರ್ಷದವಳು, ಅದು ಬಂತು. ಬಾಬಾ ಕಣ್ಣು ಮುಚ್ಚಿಕೊಂಡಿದ್ದರು. ತೆರೆಯದೆಯೇ "ದಲಂದಾ" ಎಂದರು.

ನಾನು ಹಿಂದಕ್ಕೆ ತಿರುಗಿಸಿ ಕೇಳಿದೆ. ಆ ಕ್ಯಾಸೆಟ್ಟಿನಲ್ಲಿ ಎಲ್ಲಿಯೂ ನಿನ್ನ ಹೆಸರಿಲ್ಲ. ಒಂದನೆಯ ಪಾಠದಿಂದ ಒಂಬತ್ತನೆಯದರವರೆಗೆ ಎಲ್ಲಿಯೂ ಇಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ.

ನನ್ನ ಹೆಸರು ಇನ್ನೂ ಬಂದಿಲ್ಲ. ಕಾಯುತ್ತಿದ್ದೇನೆ.

ನಿನ್ನ
ರಫೀಕಾ